ದಾ, ದಾ

ಎಣ್ಣೆಗೆ ಇವತ್ತು ಶುಂಠಿ ಅರೆದು ಹಾಕಿದ್ದಾನೆ, ಮೊದಲು ವಾಸನೆ ಬರುತ್ತದೆ, ಆಮೇಲೆ ಬಿಸಿ, ನೋವು ಎಲ್ಲಕ್ಕಿಂತ ಕೊನೆಗೆ, ಸರ್ಪಾನ್ ಅಜ್ಜನ ಹೆಬ್ಬೆರಳು ಮಂಡಿಚಿಪ್ಪಿನ ಕೆಳಗೆ ಹೊಕ್ಕು ಏನನ್ನೋ ಹುಡುಕುತ್ತಿದೆ, ಹುಡುಕುವುದಕ್ಕೆ ಅಲ್ಲೇನಿದೆ, ಮೂರು ಆಪರೇಷನ್ನುಗಳಲ್ಲಿ ಇದ್ದಬದ್ದದ್ದನ್ನೆಲ್ಲ ತೆಗೆದಾಗಿದೆ— ಗಾಳಿ, ಮಿಸ್ಟರ್, ಗಾಳಿ ಸೇರ್ಕೊಂಡಿದೆ, ಫ್ಯಾನ್ ಕೆಳಗೆ ಮಲಗ್ಬೇಡ ಅಂತ ಎಷ್ಟ್ ಸಲ ಹೇಳಿದೀನಿ, ಎನ್ನುತ್ತಾನೆ ಅಜ್ಜ. ನಾನು, ಮೂವತ್ತೇಳು ವರ್ಷದ ಫುಟ್ಬಾಲ್ ಸ್ಟ್ರೈಕರ್, ಆರಡಿ ಮೂರಿಂಚು, ಚಾಪೆಯ ಮೇಲೆ ಅಂಗಾತ, ಹಿಮ್ಮಡಿ ಎರಡೂ ಚಾಪೆ ದಾಟಿ ತಣ್ಣನೆ ಸಿಮೆಂಟಿನ ಮೇಲೆ. ಜಾವಾದ ಈ ತುಬಾನಿನ ಮೀನುಗಾರರ ಬೆನ್ನುಗಳನ್ನೆಲ್ಲ ತಿಕ್ಕಿದ ಕೈ ಇದು, ದೋಣಿ ಬೇರೆ ಮಂಡಿ ಬೇರೆ ಎನ್ನುವ ಭೇದವಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಫೋನ್ ಇದೆ. ನಿಮ್ಮಲ್ಲಿ ನಾಲ್ಕು ಗಂಟೆಯಾದಾಗ ಮಾಡ್ತೀನಿ, ಆಮೇಲೆ ನನ್ನ ದೂರಬೇಡ, ಅವರು ಒಬ್ಬ ಬ್ರೆಜಿಲಿನವನ್ನ ನೋಡಿಟ್ಕೊಂಡಿದಾರೆ, ಎಂದಿದ್ದಾನೆ ಮಿಯೊದ್ರಾಗ್, ನನ್ನ ಏಜೆಂಟು, ಹತ್ತೊಂಬತ್ತನೇ ವಯಸ್ಸಿನಿಂದ ನನ್ನನ್ನು ಊರೂರಿಗೆ ಸಾಗಿಸಿದವನು. ಕಾಂಬೋಡಿಯಾದ ಕ್ಲಬ್ಬು, ಹತ್ತು ತಿಂಗಳು, ಮೊದಲ ಹನ್ನೊಂದರಲ್ಲಿ ಜಾಗ. ಬರುತ್ತೇನೆ ಎಂದರೆ ಇನ್ನೊಂದು ವರ್ಷ ಆಟ, ಬರುವುದಿಲ್ಲ ಎಂದರೆ ಇಲ್ಲಿಗೆ ಮುಗಿಯಿತು, ಇಲ್ಲಿಯ ಕ್ಲಬ್ಬಿನವರು ಹೋದ ವಾರವೇ ಕೈಕುಲುಕಿ ಬಾಟಿಕ್ ಅಂಗಿಯೊಂದನ್ನು ಕೊಟ್ಟು ಬೀಳ್ಕೊಟ್ಟಿದ್ದಾರೆ, ಅಂಗಿ ಹೆಗಲ ಹತ್ತಿರ ಬಿಗಿ. ಬೇಡ ಅನ್ನಬೇಕು. ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನ ಮಾಡಿದ್ದೇನೆ, ಬೇಡ, ಸಾಕು— ಹಲ್ಲುಜ್ಜುವಾಗ ಇಂಥ ತೀರ್ಮಾನವನ್ನು ಈ ಮೊದಲೂ ನಾಲ್ಕು ಸಲ ಮಾಡಿದ್ದೆ. ಹೊರಗೆ ಜಗಲಿಯಲ್ಲಿ ದಾರಾ ಖಾಲಿ ಎಣ್ಣೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದಾಳೆ, ನನ್ನ ಮಗಳು, ಐದು ವರ್ಷ.

ಗಾಳಿ ಎಂದರೆ ನನಗೆ ನಗು ಬರುವುದಿಲ್ಲ. ಸೆರ್ಬಿಯಾದಲ್ಲಿ ನಮ್ಮ ಕಿಕಿಂದಾದ ಮನೆಯಲ್ಲಿ ಅಮ್ಮನೂ ಇದನ್ನೇ ಹೇಳುತ್ತಿದ್ದಳು, ಎರಡು ಕಿಟಕಿ ಒಟ್ಟಿಗೆ ತೆಗೀಬೇಡ, ಗಾಳಿ ಹೊಡ್ದು ಸಾಯ್ತೀಯ, ಜುಲೈ ಸೆಕೆಯಲ್ಲಿ ಬಸ್ಸಿನ ಕಿಟಕಿ ಒಂದಿಷ್ಟು ಸರಿಸಿದರೆ ಹಿಂದಿನ ಸೀಟಿನ ಹೆಂಗಸರೆಲ್ಲ ಒಂದೇ ಬಾಯಲ್ಲಿ ಬೈಯುವರು, ಒದ್ದೆ ತಲೆಯಲ್ಲಿ ಹೊಸ್ತಿಲು ದಾಟುವ ಹಾಗಿಲ್ಲ. ಹಂಗೇರಿಯ ಡಾಕ್ಟರ ಹತ್ತಿರ ಸೊಂಟಕ್ಕೆ ಗಾಳಿ ತಾಗಿದೆ ಎಂದಾಗ ಅವನು ಪೆನ್ನು ಕೆಳಗಿಟ್ಟು ನಕ್ಕ, ಕಜಾಕಿಸ್ತಾನದಲ್ಲಿ ಗಾಳಿಯ ಹೊರತು ಬೇರೇನೂ ಇರಲಿಲ್ಲ, ಗೋಲ್‌ಕೀಪರ್ ಒದ್ದ ಚೆಂಡು ಅವನ ಹತ್ತಿರವೇ ವಾಪಸು ಹೋಗುತ್ತಿತ್ತು, ಓಮಾನಿನಲ್ಲಿ ಏಸಿ ಆರಿಸು ಮಾರಾಯ ಎಂದದ್ದಕ್ಕೆ ಜೊತೆಗಾರ ಕೋಣೆಯನ್ನೇ ಬದಲಾಯಿಸಿಕೊಂಡ. ಓಮಾನ್— ಅದೊಂದು ಕಥೆ, ಮಿಯೊದ್ರಾಗ್ ಫೋನಿನಲ್ಲಿ ಹೇಳಿದ್ದು ಓಮಾನ್, ನಾನು ಕೇಳಿಸಿಕೊಂಡದ್ದು ಅಮ್ಮಾನ್, ಜೋರ್ಡಾನಿನ ಚಳಿಗಾಲಕ್ಕೆಂದು ಅಮ್ಮ ಹೆಣೆದ ಎರಡು ಸ್ವೆಟರಿನಲ್ಲಿ ಒಂದನ್ನು ತೊಟ್ಟು ಇನ್ನೊಂದನ್ನು ತುಂಬಿಕೊಂಡು ನಲವತ್ತೆರಡು ಡಿಗ್ರಿಯಲ್ಲಿ ಇಳಿದೆ, ಕರೆದೊಯ್ಯಲು ಬಂದವನು ನನ್ನ ಸ್ವೆಟರನ್ನೂ ನನ್ನನ್ನೂ ನೋಡಿ ನೀರಿನ ಬಾಟಲಿ ಕೊಟ್ಟ. ಯಾವ ಊರು ಎಂದು ಸರಿಯಾಗಿ ಕೇಳುವಷ್ಟರಲ್ಲಿ ನಾನು ಒಪ್ಪಿಯಾಗಿರುತ್ತಿತ್ತು. ಹೋಗ್ತೀಯಾ ಎನ್ನುತ್ತಿದ್ದ ಮಿಯೊದ್ರಾಗ್, ದಾ ಎನ್ನುತ್ತಿದ್ದೆ, ನಮ್ಮಲ್ಲಿ ದಾ ಎಂದರೆ ಹೂಂ, ಹೌದು, ಆಗಲಿ, ಒಂದೇ ಅಕ್ಷರ, ಬಾಯಿ ತೆರೆದರೆ ಸಾಕು ತಾನೇ ಬೀಳುತ್ತದೆ. ಹದಿನೆಂಟು ವರ್ಷ, ಎಂಟು ದೇಶ, ಗಾಳಿಗೆ ಹೆದರುವ ಇನ್ನೊಂದು ಜನ ಸಿಕ್ಕಿದ್ದು ಜಾವಾದಲ್ಲೇ. ಇಲ್ಲಿ ಜ್ವರ ಬಂದರೂ ಗಾಳಿ, ಹೊಟ್ಟೆ ಕೆಟ್ಟರೂ ಗಾಳಿ, ಪೆನಾಲ್ಟಿ ತಪ್ಪಿದರೂ ಗಾಳಿ, ಅತ್ತೆ ಮೊದಲ ಸಲ ನನ್ನ ಬೆನ್ನಿಗೆ ಎಣ್ಣೆ ಸವರಿ, ಗಾಳಿ ಹೊರಗೆ ಹೋಗಲೆಂದು ನಾಣ್ಯದಿಂದ ಗೀರಿ ಕೆಂಪು ಬರೆ ಎಳೆದಾಗ ಅದರ ಫೋಟೊ ಅಮ್ಮನಿಗೆ ಕಳಿಸಿದ್ದೆ, ಒಳ್ಳೇ ಜನದ ಕೈಗೆ ಸಿಕ್ಕಿದೀಯ ಬಿಡು, ಎಂದಳು. ಅವಳು ನನ್ನ ಯಾವ ಕ್ಲಬ್ಬನ್ನೂ ಅಷ್ಟು ಹೊಗಳಿದವಳಲ್ಲ.

ಅಯ್ಯೋ, ಅಲ್ಲೇ, ಅಜ್ಜ, ಅಲ್ಲಿ ಬೇಡ— ನೋವಾಯ್ತಾ, ಮಿಸ್ಟರ್? ಹೂಂ ಅಂದ್ರೆ ಇನ್ನೂ ಒತ್ತಬೇಕು ಅಂತ ಅರ್ಥ, ಎನ್ನುತ್ತಾನೆ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾನೆ, ಒತ್ತುತ್ತಾನೆ. ಇಲ್ಲಿ ಹೂಂ ಎಂದರೂ ಕಷ್ಟ. ಮೊದಲ ವರ್ಷ ನನ್ನ ಜೆರ್ಸಿಯ ಮೇಲೆ ವೆಸೆಲಿನ್ ಎನ್ನುವ ಬದಲು ಕೊನೆಗೊಂದು ಜಿ ಸೇರಿಸಿ ವೆಸೆಲಿಂಗ್ ಎಂದು ಅಚ್ಚು ಹಾಕಿದ್ದರು, ಇಡೀ ಸ್ಟೇಡಿಯಂ ಲಿಂಗ್ ಲಿಂಗ್ ಎಂದು ಕೂಗುತ್ತಿತ್ತು, ರೇಗಿಹೋಗಿ ಅಂಗಡಿ ಹುಡುಕಿಕೊಂಡು ಹೋದೆ, ಅಚ್ಚಿನ ಯಂತ್ರದ ಹಿಂದೆ ಪಾಲುಪಿ ಇದ್ದಳು, ಕೈಯೆಲ್ಲ ನೀಲಿ ಬಣ್ಣ, ಜಗಳಕ್ಕೆ ತಯಾರಾಗಿ ನಿಂತಿದ್ದಳು— ಒಂದಕ್ಷರ ಜಾಸ್ತಿ ಕೊಟ್ಟಿದೀನಿ, ಕಮ್ಮಿ ಕೊಟ್ಟಿಲ್ವಲ್ಲ, ಎಂದಳು. ಆ ಅಕ್ಷರವನ್ನು ಉಜ್ಜಿ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು, ಒಳಗಿನಿಂದ ಅವಳ ಅಮ್ಮ ಬಂದು ಊಟ ಮಾಡ್ಕೊಂಡು ಹೋಗ್ತೀರಾ ಎಂದು ಕೇಳಿದಳು, ಹಸಿವಾಗಿತ್ತು, ಸುಟ್ಟ ಮೀನಿನ ವಾಸನೆ ಬರುತ್ತಿತ್ತು, ದಾ, ದಾ, ಎಂದೆ ಖುಷಿಯಿಂದ. ಆಕೆ ದಾದಾ ಎಂದು ಕೈಬೀಸಿ ಒಳಗೆ ಹೋಗಿಬಿಟ್ಟಳು. ಇಲ್ಲಿಯವರಿಗೆ ದಾದಾ ಎಂದರೆ ಟಾಟಾ, ಹೋಗಿ ಬರುತ್ತೇನೆ, ತೊಟ್ಟಿಲ ಮಕ್ಕಳಿಗೆ ಎಲ್ಲಕ್ಕೂ ಮೊದಲು ಕಲಿಸುವ ಮಾತು. ನಾನು ತಟ್ಟೆ ಬರುತ್ತದೆಂದು ಕುಳಿತೇ ಇದ್ದೆ, ಆಕೆ ಇಣುಕಿ ನೋಡಿ ಮಗಳಿಗೆ, ಹೋಗ್ತೀನಿ ಅಂದ್ನಲ್ಲೇ, ಇನ್ನೂ ಕೂತಿದಾನಲ್ಲ, ಎಂದದ್ದು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು, ಮದುವೆಯ ದಿನ ಪಾಲುಪಿಯೇ ಹೇಳಿದಳು, ನಗು ತಡೆಯಲಾರದೆ ಮದುಮಗಳ ಹಣೆಗೆ ಬಳಿದ ಕಪ್ಪು ಬಣ್ಣವೆಲ್ಲ ಕದಡಿಹೋಗಿತ್ತು. ಅತ್ತೆ ಈಗಲೂ ನನ್ನನ್ನು ದಾದಾ ಎಂದೇ ಕರೆಯುತ್ತಾಳೆ. ಒಳ್ಳೆಯ ಹೆಸರೇ.

ತಮಾಷೆಯಾಗಿಯೇ ಉಳಿಯಬಹುದಿತ್ತು ಅದು. ಮೂರು ವರ್ಷದ ಹಿಂದೆ, ಮಂಗಳವಾರ, ಅಪ್ಪ ಆಸ್ಪತ್ರೆಯಲ್ಲಿ, ಹೆಂಚಿನ ಕಾರ್ಖಾನೆಯ ದೂಳು ಮೂವತ್ತು ವರ್ಷ ಕುಡಿದ ಎದೆ, ಅಣ್ಣ ಫೋನ್ ಹಿಡಿದಿದ್ದ, ಪರದೆಯಲ್ಲಿ ಅಪ್ಪನ ಮೂಗಿನ ಕೊಳವೆಯೇ ದೊಡ್ಡದಾಗಿ ಕಾಣುತ್ತಿತ್ತು. ಹೆಚ್ಚು ಮಾತಾಡುವ ಮನುಷ್ಯನಲ್ಲ, ಪ್ರತಿ ಪಂದ್ಯದ ಮರುದಿನ ಒಂದೇ ಸಂದೇಶ, ಹೊಡೆದ್ಯಾ, ಅಷ್ಟೆ, ಹೊಡೆದಿದ್ದರೆ ಮತ್ತೆ ಏನೂ ಇಲ್ಲ, ಹೊಡೆಯದಿದ್ದರೆ ಸರಿಯಾಗಿ ತಿನ್ನು ಎಂದು ಇನ್ನೊಂದು. ಶನಿವಾರ ನಮಗೆ ಸೆಮಿಫೈನಲ್ ಇತ್ತು. ಅಪ್ಪ, ಶನಿವಾರ ಆಡಿ ಭಾನುವಾರ ಹೊರಟ್ರೆ ನಡೀತದಾ, ಕಾಯ್ತೀಯಾ, ಎಂದೆ. ಕೇಳಬಾರದಾಗಿತ್ತು, ಮಗನಾದವನು ಹಾಗೆ ಕೇಳಬಾರದು, ಹಾಗೆ ಕೇಳಿದರೆ ಯಾವ ಅಪ್ಪ ತಾನೇ ಇಲ್ಲ ಎನ್ನುತ್ತಾನೆ. ದಾ, ದಾ, ಎಂದ ಅಪ್ಪ, ಕಾಯ್ತೀನಿ, ಆಡ್ಕೊಂಡ್ ಬಾ. ನನ್ನ ತೊಡೆಯ ಮೇಲೆ ಎರಡು ವರ್ಷದ ದಾರಾ ಕುಳಿತಿದ್ದಳು, ತಾತ ದಾದಾ ಎಂದದ್ದು ಅವಳಿಗೆ ಚೆನ್ನಾಗಿಯೇ ಕೇಳಿಸಿತು, ಕೈಯೆತ್ತಿದಳು, ನಾಲ್ಕು ಬೆರಳು ಅಂಗೈಗೆ ಮಡಚಿ, ಬಿಚ್ಚಿ, ಮಡಚಿ, ಬಿಚ್ಚಿ, ಕಲಿಸಿಕೊಟ್ಟ ಹಾಗೆಯೇ. ಅಲ್ಲ ಕಂದ, ಅದು ಬೇರೆ ದಾ, ಎಂದು ಆ ಕೈಯನ್ನು ಹಿಡಿದು ಕೆಳಗಿಳಿಸಬೇಕೆನ್ನುವಷ್ಟರಲ್ಲಿ ಅಪ್ಪನಿಗೆ ನಗು ಬಂತು, ಹೊದಿಕೆಯೊಳಗಿಂದ ಸೂಜಿ ಚುಚ್ಚಿದ ಕೈ ಎತ್ತಿ ಅವಳ ಹಾಗೆಯೇ ಬೆರಳು ಮಡಚಿದ. ಶುಕ್ರವಾರ ಅಣ್ಣನ ಫೋನ್ ಬಂತು. ಶನಿವಾರ ನಾನು ಆಡಿದೆ, ಒಂದು ಗೋಲು ಹೊಡೆದೆ, ತಲೆಯಿಂದ, ದೂರದ ಕಂಬದ ಹತ್ತಿರ, ಒಳ್ಳೆಯ ಗೋಲು, ಹೊಡೆದ್ಯಾ ಎಂದು ಕೇಳುವವನಿರಲಿಲ್ಲ. ಮಣ್ಣಿಗೆ ಅಣ್ಣನೊಬ್ಬನೇ ಹೆಗಲು ಕೊಟ್ಟ, ನಾನು ತಲುಪಿದಾಗ ಶಿಲುಬೆಯ ಬುಡದ ಹೂವುಗಳು ಬಾಡಿದ್ದವು. ಎರಡು ವರ್ಷದ ಮಗುವಿಗೆ ಅರ್ಥವಾದದ್ದು ನನಗೆ ಅರ್ಥವಾಗಲಿಲ್ಲ, ಇದನ್ನು ನೆನೆದರೆ ನಾಚಿಕೆಯಾಗುತ್ತದೆ, ಇವತ್ತಿಗೂ. ಅದಾದ ಮೇಲೂ ಬುದ್ಧಿ ಬಂತೇ, ಮಲೇಷ್ಯಾ ಎಂದ ಮಿಯೊದ್ರಾಗ್, ದಾ, ಮ್ಯಾನ್ಮಾರ್ ಎಂದ, ದಾ, ಎರಡು ಸಲವೂ ಗೇಟಿನಲ್ಲಿ ಪಾಲುಪಿಯ ಸೊಂಟದ ಮೇಲಿಂದ ಆ ಕೈ, ನಾಲ್ಕು ಬೆರಳು, ಮಡಚಿ, ಬಿಚ್ಚಿ, ಮೊದಲ ಸಲ ಅಳುತ್ತ, ಎರಡನೇ ಸಲ ಅಳದೆ, ಕಡ್ಲೆಕಾಯಿ ಅಗಿಯುತ್ತ. ಅಲ್ಲಿಂದ ವಿಡಿಯೋ ಕಾಲ್ ಮಾಡಿದರೆ ನನ್ನ ಮುಖ ಕಂಡ ಕೂಡಲೇ ಕೈಯೆತ್ತುತ್ತಿದ್ದಳು, ಈ ಮನುಷ್ಯನಿಗೆ ಹೇಳಬೇಕಾದ ಮಾತು ಅದೊಂದೇ ಎನ್ನುವ ಹಾಗೆ. ಈಗ ಒಂದು ವರ್ಷದಿಂದ ಇಲ್ಲೇ ಇದ್ದೇನೆ, ಶಾಲೆಗೆ ನಾನೇ ಬಿಡುತ್ತೇನೆ, ಜಡೆ ಹಾಕಲು ಕಲಿತಿದ್ದೇನೆ, ಜಡೆ ಸೊಟ್ಟ.

ಮುಗೀತು, ಎದ್ದು ಓಡು ನೋಡೋಣ, ಎಂದು ಅಜ್ಜ ಟವೆಲ್ ಹೊದಿಸುತ್ತಾನೆ, ಬೇಡ ಬೇಡ, ಓಡ್ಬೇಡ, ಕಾಂಬೋಡಿಯಾ ತನಕ ಓಡಿಬಿಟ್ಟೀಯ— ಇವನಿಗೂ ಗೊತ್ತು, ಪಾಲುಪಿ ಹೇಳಿರಬೇಕು, ಅವಳು ಬೆಳಿಗ್ಗೆ ದೊಡ್ಡ ಸೂಟ್‌ಕೇಸನ್ನು ಕಪಾಟಿನ ಮೇಲಿಂದ ಇಳಿಸಿ ದೂಳು ಒರೆಸಿಟ್ಟಳು, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಕೇಳಲು ಧೈರ್ಯ ಬರಲಿಲ್ಲ. ಫೋನ್ ಕಟ್ಟೆಯ ಮೇಲೆ ನಡುಗುತ್ತ ಸರಿಯುತ್ತದೆ. ನಾಲ್ಕಕ್ಕೆ ಎರಡು ನಿಮಿಷ ಇದೆ, ಮಿಯೊದ್ರಾಗ್ ಯಾವಾಗಲೂ ಎರಡು ನಿಮಿಷ ಮೊದಲೇ. ಏನ್ ಮಾಡ್ತಿದೀಯ ಮುದುಕ, ಎನ್ನುತ್ತಾನೆ, ಮಂಡಿ ತಿಕ್ಕಿಸ್ಕೋತಿದೀನಿ ಎನ್ನುತ್ತೇನೆ, ಒಳ್ಳೇದು, ಅಲ್ಲೂ ತಿಕ್ಕೋರಿದಾರೆ, ಹುಲ್ಲು ಒಳ್ಳೆ ಹುಲ್ಲು, ಕೋಚ್ ನಮ್ಮವನೇ, ನೀಶ್ ಊರಿನವನು, ನಿನ್ನ ಹೆಸರು ಹೇಳಿದ ತಕ್ಷಣ ಎದ್ದು ಕೂತ, ಹೇಳು. ನಾನು ಹೇಳುವುದಿಲ್ಲ. ಎದ್ದು ಕೂತ ಎಂದನಲ್ಲ, ಅದು ಎದೆಗೆ ತಾಗಿತು, ನನ್ನ ಹೆಸರಿಗೆ ಯಾರಾದರೂ ಎದ್ದು ಕೂತು ಎಷ್ಟು ಕಾಲವಾಯಿತು, ಒಳ್ಳೆಯ ಹುಲ್ಲಿನ ಮೇಲೆ ಸಂಜೆ ನೀರು ಚಿಮುಕಿಸಿದಾಗ ಬರುವ ವಾಸನೆ, ಅಂಚಿನಿಂದ ಒದ್ದ ಕ್ರಾಸ್ ಚೆಂಡು ಗಾಳಿಯಲ್ಲಿ ಬಾಗಿ ಬರುವಾಗ ಎಲ್ಲರಿಗಿಂತ ಅರೆಕ್ಷಣ ಮೊದಲು ಅದು ನನಗೆ ತಿಳಿಯುವುದು, ಅದು ಇನ್ನು ಇಲ್ಲ, ಇಲ್ಲವೆಂದರೆ ಇಲ್ಲವೇ ಇಲ್ಲ— ಬಾಯಿ ತೆರೆದರೆ ಆ ಅಕ್ಷರ ಬಿದ್ದುಬಿಡುತ್ತದೆ, ಹಲ್ಲು ಕಚ್ಚಿ ಹಿಡಿದಿದ್ದೇನೆ. ಮಿಯೊದ್ರಾಗ್ ಕಾಯುತ್ತಾನೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನು ಕಾಯಬೇಕಾಗಿ ಬಂದಿದೆ. ಓಹೋ, ಎನ್ನುತ್ತಾನೆ ಕೊನೆಗೆ, ದನಿ ಇಳಿದಿದೆ, ಬರೋದಿಲ್ಲ ನೀನು. ಆಯ್ತು ಬಿಡು, ನಂಗೂ ಅನ್ನಿಸಿತ್ತು. ಬರೋದಿಲ್ಲ, ಅಲ್ವಾ?

ದಾ, ಎನ್ನುತ್ತೇನೆ. ಹೌದು, ಬರೋದಿಲ್ಲ, ದಾ, ದಾ.

ಆಯಿತು, ಅಷ್ಟೇ, ಇಷ್ಟು ಸುಲಭವೇ ಇದು, ಫೋನ್ ಚಾಪೆಯ ಮೇಲಿಡುತ್ತೇನೆ, ಎದೆಯೊಳಗೆ ಏನೋ ಖಾಲಿ, ಏನೋ ಹಗುರ, ಈ ದಾ ಮೊದಲ ಸಲ ಯಾವ ಊರಿಗೂ ಕರೆದೊಯ್ಯದ ದಾ, ದಾರಾಗೆ ಹೇಳಬೇಕು, ಪಾಲುಪಿಗಿಂತ ಮೊದಲು ಅವಳಿಗೆ, ತಿರುಗುತ್ತೇನೆ— ಬಾಗಿಲಲ್ಲೇ ನಿಂತಿದ್ದಾಳೆ, ಕಂಕುಳಲ್ಲಿ ಒಂದು ಬಾಟಲಿ, ಎಷ್ಟು ಹೊತ್ತಿನಿಂದಲೋ. ಅಳುತ್ತಿಲ್ಲ. ಹೋಗ್ತಿಲ್ಲ ಕಂದ, ಇಲ್ಲೇ ಇರ್ತೀನಿ, ಆ ದಾ ಬೇರೆ, ಅದು ಹೌದು ಅಂತ, ಹೋಗಲ್ಲ ಅನ್ನೋದಕ್ಕೆ ಹೌದು, ಎನ್ನುತ್ತೇನೆ, ಜಾವಾದ ಮಾತಿನಲ್ಲಿ ಹೇಳುತ್ತೇನೆ, ನನ್ನ ಮಾತಿನಲ್ಲಿ ಹೇಳುತ್ತೇನೆ, ಅಜ್ಜನೂ ಹೇಳುತ್ತಾನೆ, ನಿಮ್ಮಪ್ಪ ಹೋಗಲ್ವಂತೆ ಕಣೇ, ಅವಳು ಎಲ್ಲವನ್ನೂ ಕೇಳಿ ತಲೆಯಾಡಿಸುತ್ತಾಳೆ, ಒಳ್ಳೆಯ ಹುಡುಗಿ, ಯಾರು ಏನು ಹೇಳಿದರೂ ತಲೆಯಾಡಿಸುವುದನ್ನು ಕಲಿತಿದ್ದಾಳೆ, ಬಾಟಲಿಯನ್ನು ಎಡ ಕಂಕುಳಿಗೆ ಸರಿಸಿ ಬಲಗೈ ಬಿಡಿಸಿಕೊಳ್ಳುತ್ತಾಳೆ, ಎತ್ತುತ್ತಾಳೆ, ನಾಲ್ಕು ಬೆರಳು, ಮಡಚಿ, ಬಿಚ್ಚಿ, ಇಲ್ಲ ದಾರಾ, ಇಲ್ಲ, ಮಡಚಿ, ಬಿಚ್ಚಿ, ಮಡಚಿ