ಎಡಕ್ಕೆ ಎಳೆಯುತ್ತಿದ್ದ ಕಾರು

ಸಾರಕ್ಕಿಯ ನಾರಾಯಣಮ್ಮ ಐವತ್ತೆರಡನೇ ವಯಸ್ಸಿನಲ್ಲಿ ಕಾರು ಕಲಿತರು. ಗಿರಿನಗರದಲ್ಲಿದ್ದ ಅಕ್ಕನಿಗೆ ಮೊಣಕಾಲು ಆಪರೇಷನ್ ಆಗಿತ್ತು. ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಕರೆದೊಯ್ಯಬೇಕಿತ್ತು. ಅದಕ್ಕೆಂದೇ ಕಲಿತದ್ದು. ಡ್ರೈವಿಂಗ್ ಸ್ಕೂಲಿನ ಗಾಡಿ ಹೇಳಿದ ಮಾತು ಕೇಳುತ್ತಿತ್ತು, ಲೈಸೆನ್ಸೂ ಮೊದಲ ಸಲಕ್ಕೇ ಸಿಕ್ಕಿತು. ಮನೆಯ ಕಾರಿನಲ್ಲಿ ಕೂತ ಮೇಲೆ ಮಾತ್ರ ಕಷ್ಟ ಶುರುವಾಯಿತು. ನೇರ ಹೋಗೆಂದರೆ ಅದು ಎಡಕ್ಕೆ ಸರಿಯುತ್ತಿತ್ತು.

"ಸ್ಟೇರಿಂಗ್ ಗಟ್ಟಿಯಾಗ್ ಹಿಡ್ಕೊಳೇ!" ಎಂದು ಪಕ್ಕದಲ್ಲಿ ಕೂತ ಗಂಡ ಬೋರಣ್ಣ ಗದರುತ್ತಿದ್ದರು. "ಇಪ್ಪತ್ತೈದು ವರ್ಷದಿಂದ ಓಡಿಸ್ತಿದ್ದೀನಿ, ನನಗ್ಯಾಕೆ ಎಳೆಯಲ್ಲ?"

ನಾರಾಯಣಮ್ಮ ತಪ್ಪು ತನ್ನ ಕೈಯದೇ ಎಂದು ನಂಬಿ ಮೂರು ತಿಂಗಳು ಬೈಸಿಕೊಂಡರು.

ಒಂದು ಭಾನುವಾರ ಬೆಳಿಗ್ಗೆ ಬನಶಂಕರಿಯಿಂದ ಗಂಡನೊಡನೆ ಬರುವಾಗ ಕನ್ನಡಿ ನೋಡಲು ಒಂದು ಗಳಿಗೆ ಕಣ್ಣು ಹೊರಳಿಸಿದರು. ಅಷ್ಟರಲ್ಲಿ ಕಾರು ರಸ್ತೆಯಂಚಿಗೆ ಸರಿದು ಸೊಪ್ಪಿನ ತಳ್ಳುಗಾಡಿಗೆ ತಗುಲಿತು. ಮಾರುತ್ತಿದ್ದ ಹೆಂಗಸು ಹಿಂದಕ್ಕೆ ಹಾರಿದ್ದರಿಂದ ಬಚಾವಾದಳು. ಇಬ್ಬರೂ ಇಳಿದು ಚೆಲ್ಲಿದ ಸೊಪ್ಪು ಆಯ್ದುಕೊಟ್ಟು, ಅವಳ ನಷ್ಟ ತುಂಬಿಕೊಟ್ಟರು.

"ಇನ್ಮೇಲೆ ಗಾಡಿ ಮುಟ್ಬೇಡ," ಎಂದರು ಬೋರಣ್ಣ. ಮನೆಯವರೆಗೆ ಅವರೇ ಓಡಿಸಿದರು.

ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಜಯದೇವಿ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಸುದ್ದಿ ಕೇಳಿ ಸಂಜೆ ಕೆಳಗಿಳಿದು ಬಂದಳು.

"ಆಂಟಿ, ನೇರ ಹೋಗ್ವಾಗ ಸ್ಟೇರಿಂಗ್ ನೆಟ್ಟಗಿರತ್ತಾ, ಓರೆ ಇರತ್ತಾ?"

"ಬಲಕ್ಕೆ ಒಂಚೂರು ತಿರುಗ್ಸಿಟ್ಕೊಂಡ್ರೇ ನೇರ ಹೋಗೋದು ಕಣಮ್ಮ."

"ಹಂಗಾದ್ರೆ ತಪ್ಪು ನಿಮ್ಮ ಕೈದಲ್ಲ, ಚಕ್ರದ್ದಿರ್ಬೇಕು. ವೀಲ್ ಅಲೈನ್‌ಮೆಂಟ್ ಹೋಗಿರತ್ತೆ, ಅಂದ್ರೆ ಚಕ್ರ ನೇರಕ್ಕೆ ನಿಂತಿಲ್ಲ."

ಜಗಲಿಯಲ್ಲಿದ್ದ ಬೋರಣ್ಣ ನಕ್ಕರು. "ಅದೆಲ್ಲ ಗ್ಯಾರೇಜ್‌ನೋರು ಬಿಸ್ನೆಸ್ ಮಾಡೋ ದಾರಿ. ರೋಡೇ ಎಡಕ್ಕೆ ಇಳಿಜಾರು."

"ಇರ್ಬೋದು ಅಂಕಲ್. ಇಳಿಜಾರಿದ್ರೂ ಎಳೆಯತ್ತೆ, ಗಾಳಿ ಕಮ್ಮಿ ಇದ್ರೂ ಎಳೆಯತ್ತೆ. ನೋಡೇಬಿಡೋಣ."

ವ್ಯಾನಿನಿಂದ ಗೇಜು ತಂದು ನಾಲ್ಕೂ ಟೈರಿನ ಗಾಳಿ ನೋಡಿದಳು. ಸರಿಯಾಗಿತ್ತು. ಆಮೇಲೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಮುಂದಿನ ಎಡ ಟೈರಿನ ಒಳಭಾಗಕ್ಕೆ ಮೊಬೈಲಿನ ಬೆಳಕು ಬಿಟ್ಟಳು. ಹೊರಗಡೆ ಟೈರಿನ ಗೀರುಗಳೆಲ್ಲ ಆಳವಾಗಿದ್ದವು. ಒಳಅಂಚು ಮಾತ್ರ ನುಣ್ಣಗೆ ಸವೆದು ರಬ್ಬರಿನೊಳಗಿನ ತಂತಿ ಕಾಣುತ್ತಿತ್ತು.

ಬೋರಣ್ಣ ಬಗ್ಗಿ ನೋಡಿದರು. ನಗು ನಿಂತಿತು.

"ಎಲ್ಲಾದ್ರೂ ಗುಂಡಿಗೆ ಜೋರಾಗ್ ಬಿದ್ದಿತ್ತಾ ಅಂಕಲ್?"

"ಬೊಮ್ಮನಹಳ್ಳಿ ಹತ್ರ," ಎಂದರು ನಾರಾಯಣಮ್ಮ. "ಮಳೇಲಿ ಇವ್ರೇ ಇಳಿಸಿದ್ರು. ನಾನಿನ್ನೂ ಕಾರು ಕಲಿತಿರ್ಲಿಲ್ಲ."

"ಆಮೇಲೂ ಓಡ್ತಾನೇ ಇತ್ತಲ್ಲ?" ಬೋರಣ್ಣನ ದನಿ ಇಳಿದಿತ್ತು.

"ನಿಮ್ದು ಪಳಗಿದ ಕೈ. ಗೊತ್ತಿಲ್ದಂಗೇ ಬಲಕ್ಕೆ ಎಳ್ಕೊಂಡು ಓಡಿಸ್ತೀರಿ. ಆಂಟಿ ಹೊಸಬ್ರು, ಅದಕ್ಕೇ ಅವ್ರಿಗೆ ಗೊತ್ತಾಯ್ತು. ಈ ಟೈರಲ್ಲಿ ಮಾತ್ರ ಓಡಿಸ್ಬೇಡಿ, ಒಡೆದೋಗತ್ತೆ. ಸ್ಟೆಪ್ನಿ ಹಾಕ್ಕೊಂಡು ನಿಧಾನಕ್ಕೆ ಹೋಗಿ."

ಮರುದಿನ ಜಯನಗರದ ಒಂದು ಟೈರ್ ಅಂಗಡಿಗೆ ಹೋದರು. ಮೆಕ್ಯಾನಿಕ್ ಮನೋಜ್ ಮೊದಲು ಕಾರೆತ್ತಿ ಚಕ್ರ ಅಲುಗಾಡಿಸಿದ. ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ರಾಡಿನ ತುದಿ ಸಡಿಲವಾಗಿತ್ತು.

"ಇದನ್ನ ಬದಲಾಯಿಸ್ದೆ ಅಲೈನ್‌ಮೆಂಟ್ ಮಾಡಿದ್ರೆ ನಾಲ್ಕ್ ದಿನಾನೂ ನಿಲ್ಲಲ್ಲ ಸಾರ್."

ರಾಡಿನ ತುದಿಯನ್ನೂ ಮುಂದಿನ ಎರಡು ಟೈರುಗಳನ್ನೂ ಬದಲಾಯಿಸಿ, ಕಾರನ್ನು ಅಲೈನ್‌ಮೆಂಟ್ ಮೆಷಿನ್ನಿಗೆ ಏರಿಸಿದ. ಎಡ ಚಕ್ರ ಹೊರಕ್ಕೆ ತಿರುಗಿರುವುದನ್ನು ಪರದೆ ಕೆಂಪಕ್ಷರದಲ್ಲಿ ತೋರಿಸಿತು. ಮನೋಜ್ ಸ್ಪ್ಯಾನರ್ ಹಿಡಿದು ತಿರುಗಿಸುತ್ತಾ ಹೋದಂತೆ ಕೆಂಪು ಹಸಿರಾಯಿತು.

"ಹೋದ್ ತಿಂಗ್ಳು ತಾನೇ ಬ್ಯಾಲೆನ್ಸಿಂಗ್ ಮಾಡಿಸಿದ್ದೆನಲ್ಲಪ್ಪಾ?" ಎಂದರು ಬೋರಣ್ಣ.

"ಅದು ಬೇರೆ ಸಾರ್. ಸ್ಪೀಡಲ್ಲಿ ಸ್ಟೇರಿಂಗ್ ನಡುಗಿದ್ರೆ ಬ್ಯಾಲೆನ್ಸಿಂಗ್. ಒಂದ್ ಕಡೆ ಎಳೆದ್ರೆ, ಟೈರ್ ಒಂದೇ ಅಂಚು ಸವೆದ್ರೆ ಅಲೈನ್‌ಮೆಂಟ್."

ಮನೆಗೆ ಹೊರಟಾಗ ಬೋರಣ್ಣ ತಾವಾಗಿಯೇ ಎಡಗಡೆಯ ಸೀಟಿನಲ್ಲಿ ಕೂತರು. ನಾರಾಯಣಮ್ಮ ಕಾರು ತೆಗೆದರು. ಸ್ಟೇರಿಂಗ್ ನೆಟ್ಟಗಿತ್ತು, ಕಾರೂ ನೆಟ್ಟಗೆ ಹೋಯಿತು. ಸಿಗ್ನಲ್‌ನಲ್ಲಿ ಬೋರಣ್ಣ ಹೆಂಡತಿಯ ಕಡೆ ತಿರುಗಿದರು.

"ಮೂರ್ ತಿಂಗ್ಳು ಸುಮ್‌ಸುಮ್ನೆ ಬೈದೆ ಕಣೇ ನಿನ್ನ."

"ಹ್ಞೂಂ. ಎಡಗಡೆ ಆಟೋ ಬರ್ತಿದ್ಯಾ, ನೋಡಿ ಹೇಳಿ," ಎಂದರು ನಾರಾಯಣಮ್ಮ.

ಮಂಗಳವಾರ ಅವರು ಒಬ್ಬರೇ ಗಿರಿನಗರಕ್ಕೆ ಹೋಗಿ ಅಕ್ಕನನ್ನು ಫಿಸಿಯೋಥೆರಪಿಗೆ ಕರೆದೊಯ್ದರು.

ಓದುತ್ತಿರುವ ನೀವೂ ಇವತ್ತೇ ನಿಮ್ಮ ಕಾರಿನ ಟೈರುಗಳನ್ನು ಬಗ್ಗಿ ನೋಡಿ, ಒಳಅಂಚನ್ನು ಮರೆಯಬೇಡಿ. ಗಾಳಿ ಸರಿಯಿದ್ದೂ ಸಮತಟ್ಟಾದ ರಸ್ತೆಯಲ್ಲಿ ಕಾರು ಪಕ್ಕಕ್ಕೆ ಎಳೆದರೆ, ಸ್ಟೇರಿಂಗ್ ಓರೆಯಾಗಿ ನಿಂತರೆ ಅಲೈನ್‌ಮೆಂಟ್ ತೋರಿಸಿ. ದೊಡ್ಡ ಗುಂಡಿಗೆ ಬಿದ್ದಾಗ, ಹೊಸ ಟೈರು ಹಾಕಿಸಿದಾಗ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರಿಗೊಮ್ಮೆ ತಪ್ಪದೆ ಪರೀಕ್ಷೆ ಮಾಡಿಸಿ. ರಸ್ತೆಯಂಚಿನಲ್ಲಿ ಸೊಪ್ಪು ಮಾರುವವರಿಗೆ ಪ್ರತಿ ಸಲವೂ ಹಿಂದಕ್ಕೆ ಹಾರಲು ಸಮಯ ಸಿಗುವುದಿಲ್ಲ.