ಕರುವಿನ ಹೋಳುಗಳ ನಡುವೆ

"ಹೋದ್ರು! ಬಾಬೆಲಿನೋರು ಗುಡಾರ ಕಿತ್ಕೊಂಡು ಹೋದ್ರು!"

ಕೋಟೆಗೋಡೆಯ ಮೇಲಿಂದ ಕೂಗು ಬೀಳುತ್ತಲೇ ಮುತ್ತಿಗೆಯಲ್ಲಿ ನಲುಗಿದ್ದ ಯೆರೂಸಲೇಮಿನ ಓಣಿಗಳೆಲ್ಲ ಕುಣಿದವು. ಮುದುಕಿ ಸೆರಹಾಳ ಕೊರಳಿಗೆ ಹೊಗ್ಲಾ ಜೋತುಬಿದ್ದು ಅತ್ತಳು. ದಾಸಿತನ ಕಳೆದು ಈ ಮುದುಕಿಯ ಮಗ್ಗದ ಮೂಲೆಯಲ್ಲಿ ನೆಲೆ ಕಂಡ ಮೇಲೆ ಅವಳಿಗಿದ್ದುದು ಒಂದೇ ಭಯ: ಬಿಡುಗಡೆಯ ರುಚಿ ನೋಡುವ ಮೊದಲೇ ಊರು ಉರಿದುಹೋದರೆ?

"ಬಿಡೇ, ಕತ್ತು ಮುರೀತೀಯ," ಎಂದಳು ಸೆರಹಾ. "ಇನ್ನು ಗಂಡು ನೋಡ್ಬೇಕು. ಹಲ್ಲಿರೋನು ಸಿಕ್ಕಿದ್ರೆ ನಿಂಗೆ, ಇಲ್ದೋನು ನಂಗೆ."

ಇಬ್ಬರೂ ನಗುತ್ತಿರುವಾಗ ಹಳೆಯ ಒಡೆಯ ಯಾಮೀನ ಬಾಗಿಲಿಗೆ ಬಂದು ನಿಂತ. ಸಂತೋಷ ಹಂಚಿಕೊಳ್ಳಲು ಬಂದನೆಂದುಕೊಂಡು ಹೊಗ್ಲಾ ಒಣ ಅಂಜೂರ ಹಿಡಿದು ಎದ್ದಳು.

"ಅದನ್ನಿಡು. ನಡಿ ಮನೆಗೆ," ಎಂದ. "ಬೀಸಿ ಬೀಸಿ ಅಮ್ಮಾರ ಕೈಯಲ್ಲಿ ಬೊಬ್ಬೆ ಎದ್ದಿದೆ."

ಅವಳಿಗೆ ತಮಾಷೆ ಅನ್ನಿಸಿತು. "ಒಡೆಯಾ, ನೀವೇ ಬಿಟ್ರಲ್ಲ..."

"ಬಿಟ್ಟಿದ್ದೆ."

ಆರು ವರ್ಷ ದುಡಿದ ಸ್ವಜನರನ್ನು ಏಳನೆಯ ವರ್ಷ ಬಿಡಬೇಕೆಂಬುದು ಹಿರಿಯರ ಕಾಲದ ಕಟ್ಟಳೆ. ಹೊಗ್ಲಾ ಅದರ ಇಮ್ಮಡಿ ಕಾಲ ಬೀಸಿದ್ದಳು. ಯಾರಿಗೂ ಅದು ನೆನಪಾಗಿರಲಿಲ್ಲ. ಶತ್ರು ಊರು ಸುತ್ತಿದ ಮೇಲೆ, ಅನಾತೋತ್ ಊರಿನ ಪ್ರವಾದಿ ಆ ಕಟ್ಟಳೆ ನೆನಪಿಸಿ ಗಂಟಲು ಹರಿಯುವಂತೆ ಕೂಗಿದ ಮೇಲೆ, ದೊಡ್ಡವರೆಲ್ಲ ದೇವಾಲಯದ ಮುಂದೆ ಸೇರಿದರು. ಕರುವನ್ನು ಸೀಳಿ, ಹೋಳುಗಳನ್ನು ಎದುರುಬದುರು ಇಟ್ಟು, ಮಾತು ಮುರಿದರೆ ನಮಗೂ ಇದೇ ಗತಿಯಾಗಲಿ ಎಂದು ಅವುಗಳ ನಡುವೆ ಹಾದರು. ಅಂದೇ ದಾಸದಾಸಿಯರನ್ನು ಬಿಟ್ಟರು.

"ನಿಮ್ಮ ನಿಲುವಂಗಿ ಅಂಚಿಗೆ ನೆತ್ತರು ಮೆತ್ತಿತ್ತು," ಎಂದಳು ಹೊಗ್ಲಾ. "ಹೊರಡೋ ಮುಂಚೆ ನಾನೇ ಒಗೆದೆ."

"ಆಗ ಊರ ಬಾಗಿಲಲ್ಲಿ ದಂಡಿತ್ತು ಕಣೇ."

"ಥೂ ನಿನ್ನ! ಯೆಹೋವನ ಹತ್ರಾನೂ ಸಂತೆ ಚೌಕಾಸೀನಾ?" ಸೆರಹಾ ಉಗುಳಿದಳು.

ಯಾಮೀನ ಹೊಗ್ಲಾಳ ರಟ್ಟೆ ಹಿಡಿದ. ಓಣಿಗೆ ಬಂದು ನೋಡಿದರೆ ಅವಳೊಬ್ಬಳೇ ಅಲ್ಲ. ಕುಣಿಯುತ್ತಿದ್ದವರ ನಡುವಿನಿಂದಲೇ ಒಡೆಯರು ತಾವು ಬಿಟ್ಟಿದ್ದವರನ್ನು ಒಬ್ಬೊಬ್ಬರನ್ನಾಗಿ ಎಳೆದೊಯ್ಯುತ್ತಿದ್ದರು. ತಮಟೆ ನಿಂತಿರಲಿಲ್ಲ.

ಯಾಮೀನನ ಅಂಗಳದಲ್ಲಿ ಬೀಸುವ ಕಲ್ಲು ಅವಳಿಗಾಗಿ ಕಾದಿತ್ತು. ಮೊದಲ ಹಿಡಿ ಜವೆ ಹಾಕುವಷ್ಟರಲ್ಲಿ ಹೊರಗೆ ಪ್ರವಾದಿಯ ಒಡೆದ ದನಿ ಕೇಳಿಸಿತು.

"ಕರುವಿನ ನಡುವೆ ನಡೆದೋರೇ! ದಂಡು ದೂರ ಹೋಗಿಲ್ಲ. ತಿರುಗಿ ಬರ್ತದೆ. ನೀವಾಡಿದ ಆಣೇನೇ ಅದನ್ನ ಕರ್ಕೊಂಡು ಬರ್ತದೆ!"

ಯಾಮೀನನ ಮುಖ ಬಿಳಿಚಿತು. "ಬಾಗಿಲು ಹಾಕೇ," ಎಂದ.

ಹೊಗ್ಲಾ ಎದ್ದು ಹೋದಳು. ಎದುರು ಮನೆಯಲ್ಲೂ ಒಬ್ಬ ದಾಸಿ ಬಾಗಿಲು ಹಾಕಲು ಬಂದಿದ್ದಳು, ಅದರಾಚೆಯ ಮನೆಯಲ್ಲೂ, ಓಣಿಯುದ್ದಕ್ಕೂ. ಎಲ್ಲರೂ ಕದದ ಮೇಲೆ ಕೈಯಿಟ್ಟು ನಿಂತಿದ್ದರು. ಒಂದು ಕದವೂ ಮುಚ್ಚಲಿಲ್ಲ.