ಇಬ್ಬರಿಗೂ ಬಂದ ಕರೆ

"ಇಲ್ಲ ಎಂಬುದನ್ನು ಮೊದಲೇ ಹೇಳಬೇಕು, ಮಾಮಾ ಕೃಪಾ," ಎಂದು ರೆಹೆಮಾ ಮೂರನೆಯ ಸಲ ತಿದ್ದಿದಳು.

ಮಾಮಾ ಕೃಪಾ ಎಂದರೆ ಕೃಪಾಳ ಅಮ್ಮ; ಮಗಳ ಹೆಸರಿನಿಂದ ತಾಯಿಯನ್ನು ಕರೆಯುವುದು ಸ್ವಾಹಿಲಿಯವರ ರೂಢಿ. ವನಿತಾ ತಲೆಯಾಡಿಸಿದಳು. ಹದಿನಾಲ್ಕು ತಿಂಗಳಿಂದ ಇದೊಂದೇ ತಪ್ಪು. ಕನ್ನಡದಲ್ಲಿ ಮಾತು ಮುಗಿಯುವವರೆಗೂ ಅವಕಾಶವಿರುತ್ತದೆ. ಹೇಳುವುದನ್ನೆಲ್ಲ ಹೇಳಿ, ಎದುರಿಗಿದ್ದವರ ಮುಖ ನೋಡಿಕೊಂಡು, ಕೊನೆಯಲ್ಲಿ ಒಂದು ಇಲ್ಲ ಸೇರಿಸಬಹುದು. ಸೇರಿಸದೆಯೂ ಇರಬಹುದು. ಸ್ವಾಹಿಲಿಯಲ್ಲಿ ಹಾಗಲ್ಲ. ನಾನು ಎನ್ನುವ ಜಾಗದಲ್ಲೇ ಇಲ್ಲವೂ ಬಂದು ಕೂರುತ್ತದೆ. ‘ಸಿ’ ಎಂದು ಬಾಯಿ ತೆರೆದರೆ ಮುಗಿಯಿತು.

ಅದು ಕೊನೆಯ ಮೌಖಿಕ ಪರೀಕ್ಷೆ. ಬಿಟಿಎಂ ಲೇಔಟಿನ ಮೂರನೆಯ ಮಹಡಿಯ ಈ ಕೋಣೆಯಲ್ಲಿ ನರ್ಸಿಂಗ್ ಓದುತ್ತಿದ್ದ ಟಾಂಜಾನಿಯಾದ ಹುಡುಗಿ ರೆಹೆಮಾ ಪ್ರತಿ ಶನಿವಾರ ಗಂಡ ಹೆಂಡತಿ ಇಬ್ಬರಿಗೂ ಪಾಠ ಹೇಳಿದ್ದಳು. ಯುವರಾಜ್ ತನ್ನ ಸರದಿ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದ. ಇಬ್ಬರೂ ಪಾಸಾದರೆ ಮಿಷನ್ನಿನವರು ಈ ವಾರಕ್ಕೆ ಕಾದಿರಿಸಿದ ಟಿಕೆಟ್ ಕಳಿಸುತ್ತಾರೆ. ಅವಳ ದೇಶದ ದೊಡೊಮಾ ಊರಿನ ಆಚೆಗೆ ಒಂದು ಹಳ್ಳಿ, ಒಂದು ಸಣ್ಣ ಚರ್ಚು, ಎರಡು ಕೋಣೆಯ ಮನೆ.

"ಕೊನೆಯ ಪ್ರಶ್ನೆ," ಎಂದಳು ರೆಹೆಮಾ. "ದೇವರು ನಿಮ್ಮನ್ನು ಹೇಗೆ ಕರೆದ?"

ಉತ್ತರ ಬಾಯಿಪಾಠವಾಗಿತ್ತು. ಯುವರಾಜ್ ಬರೆದುಕೊಟ್ಟಿದ್ದ. ಮೂರು ವರ್ಷದ ಹಿಂದೆ ಒಂದು ಭಾನುವಾರ ಆರಾಧನೆಯ ನಡುವೆ ಅವನು ಎದ್ದು ನಿಂತು, "ನಮಗೆ ಕರೆ ಬಂದಿದೆ" ಎಂದಿದ್ದ. ಎಲ್ಲರೂ ಪಕ್ಕದಲ್ಲಿದ್ದ ಅವಳ ಕಡೆ ತಿರುಗಿದರು. ಕೂತೇ ಇರುವುದು ಚೆನ್ನಾಗಿರಲಿಲ್ಲ. ಅವಳೂ ಎದ್ದಳು. ಜಯನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಬಿಟ್ಟಿದ್ದು, ಬೀರು ಮಾರಿದ್ದು, ಎಲ್ಲವೂ ಆ ಎದ್ದು ನಿಂತದ್ದರಿಂದಲೇ.

ಆವತ್ತಿನಿಂದ ಅವಳು ತನ್ನ ಪಾಲಿನ ಕರೆಗಾಗಿ ಕಾದಿದ್ದಳು. ನಂಬಿಕೆ ಇಲ್ಲದೆ ಅಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟಿದ್ದಳು. ಬೇರೆ ಏನನ್ನೂ ಅವಳು ಹೀಗೆ ಬಯಸಿರಲಿಲ್ಲ.

‘ನನಗೆ ಕೇಳಿಸಿತು’ ಎನ್ನಲು ಬಾಯಿ ತೆರೆದಳು.

"ಸಿಕುಸಿಕಿಯಾ," ಎಂದಳು. ನನಗೆ ಕೇಳಿಸಲಿಲ್ಲ.

ರೆಹೆಮಾ ಪೆನ್ನು ಎತ್ತಿದಳು. "ತಪ್ಪಿ ಹೇಳಿದಿರಾ?"

"ವ್ಯಾಕರಣ ಸರಿ ಇದೆಯಾ?"

"ಸರಿ ಇದೆ."

"ಹಾಗಾದರೆ ತಪ್ಪಲ್ಲ."

ರೆಹೆಮಾ ಹಾಳೆಯ ಮೇಲೆ ಅಂಕ ಬರೆದಳು. ಆಮೇಲೆ ಕಿಟಕಿಯಾಚೆ ನೋಡುತ್ತ, "ಈ ಊರಲ್ಲಿ ನನ್ನ ಜೊತೆ ನನ್ನ ಭಾಷೆ ಆಡುತ್ತಿದ್ದವರು ನೀವಿಬ್ಬರೇ," ಎಂದಳು. "ಮುಂದಿನ ಶನಿವಾರ ನೀವೂ ಇಲ್ಲ."

ಯುವರಾಜನಿಗೆ ಎಪ್ಪತ್ತೊಂದು ಅಂಕ. ವನಿತಾಗೆ ತೊಂಬತ್ತನಾಲ್ಕು.

"ನೋಡಿದ್ಯಾ?" ಆಟೋದಲ್ಲಿ ಅವನು ಅವಳ ಕೈ ಹಿಡಿದುಕೊಂಡ. "ಕರೆ ಇಲ್ದೆ ಇಷ್ಟು ಮಾರ್ಕ್ಸ್ ಬರತ್ತಾ? ನಂಗಿಂತ ನಿಂಗೇ ಜೋರಾಗಿ ಬಂದಿದೆ."

"ಸಿಗ್ನಲ್ ಬಿಟ್ಟಿದೆ ಅನ್ಸತ್ತೆ," ಎಂದಳು ವನಿತಾ. ಆಟೋ ಆಗಲೇ ಹೊರಟಿತ್ತು.

ಪುಟ್ಟೇನಹಳ್ಳಿಯ ಮನೆಯಲ್ಲಿ ಕುಕ್ಕರು, ಮಿಕ್ಸಿ, ಎರಡು ಪ್ಲಾಸ್ಟಿಕ್ ಕುರ್ಚಿ ಒಯ್ಯಲು ಓನರ್ ಮಂಗಮ್ಮ ಕಾದಿದ್ದರು. ಈ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಮಂಗಮ್ಮ ಕುಕ್ಕರಿನ ಗ್ಯಾಸ್ಕೆಟ್ ಎಳೆದು ನೋಡಿದರು.

"ಅಲ್ಲಿ ರಾಗಿ ಸಿಗ್ತದೇನವ್ವಾ?"

"ಸಿಗತ್ತಂತೆ, ಆಂಟಿ. ಬೆಳೀತಾರಂತೆ."

"ಇಲ್ಲೂ ಅದೇ, ಅಲ್ಲೂ ಅದೇ. ಮತ್ತೆ ಅಷ್ಟು ದೂರ ಯಾಕೋಗ್ತೀರಿ?"

"ದೇವರು ಕರೆದಿದ್ದಾನೆ."

ಮಂಗಮ್ಮ ನಗಲಿಲ್ಲ. ದೇವರು ಮೈಮೇಲೆ ಬರುವುದನ್ನು ಕಂಡವರು ಅವರು. ಗಂಭೀರವಾಗಿಯೇ ಕೇಳಿದರು: "ಇಬ್ರನ್ನೂವೆ ಕರೆದ್ನಾ?"

ಮೂರು ವರ್ಷದಲ್ಲಿ ಇದನ್ನು ಕೇಳಿದವರು ಇವರೊಬ್ಬರೇ. ವನಿತಾ ಮಿಕ್ಸಿಯ ವೈರು ಸುತ್ತುತ್ತ ನಿಂತಳು. ಒಳಗೆ ಎಂಟು ವರ್ಷದ ಕೃಪಾ ಗೊಂಬೆಗೆ ಸ್ವಾಹಿಲಿಯಲ್ಲಿ ಬೈಯುತ್ತಿದ್ದಳು. ಅಪ್ಪ ಅಮ್ಮ ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕೇಳಿಯೇ ಕಲಿತಿದ್ದಳು.

"ಇದ್ರ ಚಿಕ್ಕ ಜಾರ್ ಲೀಕ್ ಆಗತ್ತೆ ಆಂಟಿ," ಎಂದಳು ವನಿತಾ.

ಸಂಜೆ ಐದಕ್ಕೆ ಜೆ.ಪಿ. ನಗರದಲ್ಲಿ ಬೀಳ್ಕೊಡುಗೆ. ಟೈಲ್ಸ್ ಅಂಗಡಿಯ ಮೇಲಿನ ಹಾಲೇ ಅವರ ಚರ್ಚು. ನೂರಿಪ್ಪತ್ತು ಜನ, ಹೂವಿನ ಹಾರ, ಪೇಪರ್ ತಟ್ಟೆಯಲ್ಲಿ ಕೇಸರಿಬಾತು. ಪಾಸ್ಟರ್ ಅಂಕಗಳನ್ನು ಮೈಕಿನಲ್ಲಿ ಓದಿದರು. ಚಪ್ಪಾಳೆ.

"ಸಿಸ್ಟರ್ ಆ ಭಾಷೇಲೇ ನಾಕು ಮಾತು ಸಾಕ್ಷಿ ಹೇಳ್ಲಿ," ಎಂದರು. "ಬ್ರದರ್ ನಮಗೆ ಕನ್ನಡದಲ್ಲಿ ಹೇಳ್ತಾರೆ."

ಇದನ್ನು ಮೊದಲೇ ತಿಳಿಸಿರಲಿಲ್ಲ. ಇಬ್ಬರೂ ಒಂದೇ ಮೈಕಿನ ಎದುರು ನಿಂತರು.

ನನ್ನ ಹೆಸರು ವನಿತಾ, ಎಂದಳು ಸ್ವಾಹಿಲಿಯಲ್ಲಿ. "ನನ್ನ ಹೆಸರು ವನಿತಾ," ಎಂದ ಯುವರಾಜ್. ನನಗೆ ಒಬ್ಬಳು ಮಗಳು. "ನನಗೆ ಒಬ್ಬಳು ಮಗಳು." ಜನ ನಕ್ಕರು. ಅವನ ಬಾಯಲ್ಲಿ ತನ್ನ ಮಾತು ಕನ್ನಡವಾಗುವುದು ಅವಳಿಗೆ ಹಿತವಾಗಿಯೇ ಇತ್ತು. ಈ ಮೂರು ವರ್ಷದಲ್ಲಿ ಅವನು ತನ್ನನ್ನು ಇಷ್ಟು ಗಮನವಿಟ್ಟು ಕೇಳಿಸಿಕೊಂಡದ್ದು ಇದೇ ಮೊದಲು ಅನ್ನಿಸಿತು.

ದೇವರು ಕರೆದದ್ದು ನನಗೆ ಕೇಳಿಸಲಿಲ್ಲ, ಎಂದಳು.

ಯುವರಾಜ್ ಅವಳ ಮುಖ ನೋಡಿದ. ಅರ್ಥವಾಗಿತ್ತು. ಎಪ್ಪತ್ತೊಂದು ಅಂಕಕ್ಕೆ ಅಷ್ಟು ಅರ್ಥವಾಗುತ್ತದೆ. ಮೈಕು ಒಂದು ಕ್ಷಣ ಗುಂಯ್ ಎಂದಿತು.

"ದೇವರು ಕರೆದದ್ದು ನನಗೆ ಕೇಳಿಸಿತು," ಎಂದ.

"ಆಮೆನ್!" ಎಂದರು ಜನ.

ಮುಂದಿನ ಸಾಲಿನಲ್ಲಿದ್ದ ಕೃಪಾ ಕುರ್ಚಿಯಿಂದ ಎದ್ದು ನಿಂತಳು. ಅಪ್ಪನನ್ನೂ ಅಮ್ಮನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಪಕ್ಕದ ಹೆಂಗಸು ಅವಳ ಭುಜ ಒತ್ತಿ ಕೂರಿಸಿದಳು.

ಮೂರು ವರ್ಷ ಕಾದೆ. ಯಾರೂ ಬರಲಿಲ್ಲ. "ಮೂರು ವರ್ಷ ಕಾದೆ. ಆತನು ಬಂದನು." ಆಮೆನ್.

ವನಿತಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೊನೆಯ ಮಾತನ್ನು ಜನರಿಗೆ ಹೇಳಲಿಲ್ಲ, ಅವನಿಗೇ ಹೇಳಿದಳು. ಕರೆಯಲಿ ಎಂದು ಆಸೆ. ಒಂದೇ ಸಲ. ನನ್ನ ಹೆಸರು ಹಿಡಿದು.

ಇದನ್ನು ಯುವರಾಜ್ ಬದಲಾಯಿಸಲಿಲ್ಲ. "ಕರೀಲಿ ಅಂತ ಆಸೆ," ಎಂದ. "ಒಂದೇ ಸಲ." ಅಲ್ಲಿಗೆ ದನಿ ಒಡೆಯಿತು. ಉಳಿದದ್ದನ್ನು ಹೇಳಲಾಗಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಪಾಸ್ಟರ್ ಅವನ ಬೆನ್ನು ತಟ್ಟಿದರು.

"ಬನ್ನಿ, ಇವರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡೋಣ."

ಇಬ್ಬರೂ ಅಕ್ಕಪಕ್ಕ ಮೊಣಕಾಲೂರಿದರು. ಮೊದಲು ಪಾಸ್ಟರರ ಕೈ ಬಂತು, ಆಮೇಲೆ ಹಿರಿಯರದು, ಆಮೇಲೆ ಯಾರ್ಯಾರದೋ. ತಲೆಯ ಮೇಲೆ, ಭುಜದ ಮೇಲೆ, ಬೆನ್ನಿನ ಮೇಲೆ. ಯಾರದೋ ಬಳೆ ಕಿವಿಗೆ ಒತ್ತಿತು. ಕೇಸರಿಬಾತಿನ ತುಪ್ಪದ ವಾಸನೆ. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸತೊಡಗಿದಾಗ ಒಂದು ಮಾತೂ ಬಿಡಿಯಾಗಿ ಕೇಳಿಸುತ್ತಿರಲಿಲ್ಲ.

ಆ ಗದ್ದಲದ ಕೆಳಗೆ ಯುವರಾಜನ ತುಟಿ ಅವಳ ಕಿವಿಯ ಹತ್ತಿರ ಬಂತು.

"ಮಿಮಿ ಪಿಯಾ," ಎಂದ. ನಾನೂ ಅಷ್ಟೇ.

ಏನು ಅಷ್ಟೇ? ಅವನಿಗೂ ಕೇಳಿಸಿರಲಿಲ್ಲವೇ, ಆ ಭಾನುವಾರ ಕೂಡ? ಅಥವಾ ಅವನಿಗೂ ಬರೀ ಆಸೆಯೇ? ವನಿತಾ ಅವನ ಮುಖ ನೋಡಲು ತಲೆಯೆತ್ತಲು ಹೋದಳು. ಮೈ ಅಲುಗಿದ್ದು ಕಂಡು ಪವಿತ್ರಾತ್ಮ ಇಳಿಯಿತೆಂದುಕೊಂಡರೋ ಏನೋ, ಮೇಲಿನ ಕೈಗಳು ಇನ್ನೂ ಬಲವಾಗಿ ಒತ್ತಿದವು. ಹಿಂದಿನ ಸಾಲಿನವರೂ ಎದ್ದು ಬಂದರು. ಕೈ ತಾಕಲು ಜಾಗ ಸಿಗದವರು ಮುಂದಿನವರ ಬೆನ್ನಿನ ಮೇಲೆ ಕೈಯಿಟ್ಟರು, ಅವರ ಬೆನ್ನಿನ ಮೇಲೆ ಇನ್ನೊಬ್ಬರು, ಬಾಗಿಲಿನವರೆಗೂ. ಅಷ್ಟೂ ಭಾರ ಇವರಿಬ್ಬರ ಕತ್ತಿನ ಮೇಲೆ ಇಳಿಯುತ್ತಿತ್ತು. ವನಿತಾಗೆ ಕಾಣುತ್ತಿದ್ದದ್ದು ಒಂದು ಬಿಳಿಯ ಟೈಲು, ಅದರ ಮೇಲೆ ಊರಿದ ನಾಲ್ಕು ಮೊಣಕಾಲು.